ಆಟಿಯ ಹಾಯ್ಕು

(ಬೆಳ್ತಂಗಡಿ. ತುಳುವರ ಆಟಿ ತಿಂಗಳ ಒಂದು ಸಂಜೆ, ಜಗಲಿಯಲ್ಲಿ ನಿವೃತ್ತ ಮಾಷ್ಟ್ರು ಮತ್ತು ಹಾಯ್ಕು ಕಲಿಯುತ್ತಿರುವ ಹುಡುಗಿ.)

ಹುಡುಗಿ: ನನ್ನ ಹಾಯ್ಕುವಿನಲ್ಲಿ ಚೆರ್ರಿ ಹೂ, ಹಿಮ, ಶರತ್ಕಾಲದ ಚಂದ್ರ ಎಲ್ಲ ಬಂದಿವೆ ಮಾಷ್ಟ್ರೇ. ಆದರೂ ಓದಿದರೆ ಇನ್ಯಾರದೋ ಪದ್ಯದ ಹಾಗಿದೆ.

ಮಾಷ್ಟ್ರು: ಚೆರ್ರಿ ಹೂ ನೋಡಿದ್ದೀಯಾ?

ಹುಡುಗಿ: ಇಲ್ಲ. ಆದರೆ ಹಾಯ್ಕುವಿನಲ್ಲಿ ಋತು ಸೂಚಿಸುವ ಪದ ಬೇಕಲ್ಲ? ಕಿಗೊ ಅಂತಾರೆ.

ಮಾಷ್ಟ್ರು: ಬೇಕು. ಜಪಾನಿನಲ್ಲಿ ಆ ಪದಗಳಿಗೇ ಕೋಶಗಳಿವೆ, ಸೈಜಿಕಿ ಎಂದು ಹೆಸರು. ಅಲ್ಲಿ ಕಪ್ಪೆ ವಸಂತದ ಪದ. ಕವಿ ಬಾಶೋ 1686ರಲ್ಲಿ ಹಳೆಯ ಕೊಳದ ಕಪ್ಪೆಯನ್ನು ಬರೆದಾಗ ಅಲ್ಲಿಯವರಿಗೆ ಋತು ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಕಪ್ಪೆ ಕೂಗುವುದು ಯಾವಾಗ?

ಹುಡುಗಿ: ಬೇಶ ತಿಂಗಳು ಮುಗಿದು ಕಾರ್ತೆಲ್ ಹಿಡಿಯುವಾಗ, ಮಳೆಗೆ.

ಮಾಷ್ಟ್ರು: ಹಾಗಾದರೆ ನಿನ್ನ ಕಪ್ಪೆ ವಸಂತದ್ದಲ್ಲ.

ಹುಡುಗಿ: ಮಧ್ಯೆ ಒಂದು ಸಂಶಯ. ಐದು, ಏಳು, ಐದು ಎಂದು ಎಣಿಸಬೇಕಾದ್ದು ಅಕ್ಷರವೋ ಮಾತ್ರೆಯೋ?

ಮಾಷ್ಟ್ರು: ಮಾತ್ರೆ. ಜಪಾನಿಯರು ದೀರ್ಘಕ್ಕೆ ಎರಡು ಎಣಿಸುತ್ತಾರೆ, ಒತ್ತಿನ ಮುಂಚಿನ ತಡೆಗೂ ಒಂದು ಕೊಡುತ್ತಾರೆ. ನಮ್ಮ ಲಘು ಗುರುವಿನ ಲೆಕ್ಕ ಅದಕ್ಕೆ ತೀರ ಹತ್ತಿರ. ಬೆಳ್ತಂಗಡಿ ನಾಲ್ಕು ಅಕ್ಷರ, ಆರು ಮಾತ್ರೆ. ಅಕ್ಷರ ಎಣಿಸಿ ಹದಿನೇಳು ತುಂಬಿಸಿದರೆ ಪದ್ಯ ಸಡಿಲವಾಗುತ್ತದೆ. ಆದರೆ ಎಣಿಕೆ ಆಮೇಲಿನ ಮಾತು, ಮೊದಲು ಋತು. ಆಟಿ ಅಮಾವಾಸ್ಯೆಗೆ ಏನು ಮಾಡುತ್ತೇವೆ ನೆನಪಿಸಿಕೋ. ಬೆಳಕು ಹರಿಯುವ ಮುನ್ನ ಪಾಲೆಮರದ ತೊಗಟೆ ತರುತ್ತೇವೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಕರಿಮೆಣಸು, ಬೆಳ್ಳುಳ್ಳಿ ಹಾಕಿದ ಕಷಾಯ ಖಾಲಿ ಹೊಟ್ಟೆಗೆ, ಆಮೇಲೆ ಮೆಂತ್ಯೆ ಗಂಜಿ. ‘ಪಾಲೆ’ ಎಂದರೆ ಸಾಕು, ಈ ತಾಲೂಕಿನವರ ನಾಲಿಗೆಗೆ ಕಹಿ ಬರುತ್ತದೆ. ಕಿಗೊ ಮಾಡುವ ಕೆಲಸವೇ ಅದು: ಒಂದು ಪದ ಇಡೀ ಊರಿನ ನೆನಪನ್ನು ಎಬ್ಬಿಸುವುದು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಕವಿ ಪಂಜೆ ಮಂಗೇಶರಾಯರನ್ನು ನೋಡು. ‘ತೆಂಕಣ ಗಾಳಿಯಾಟ’ದಲ್ಲಿ ಬೀಸುವುದು ನಮ್ಮ ಕರಾವಳಿಯ ಗಾಳಿ, ಹಳೆಯ ಕಾವ್ಯಗಳ ಮಲಯಮಾರುತವಲ್ಲ. ಈಗ ಬರೆ.

ಹುಡುಗಿ: (ಸ್ವಲ್ಪ ಹೊತ್ತಿನ ಬಳಿಕ)

ಆಟಿ ಮಳೆ;
ಪಾಲೆಮರದಲಿ
ಕಲ್ಲ ದನಿ

ಮಾಷ್ಟ್ರು: ಐದು, ಏಳು, ಐದು. ಮೊದಲ ಸಾಲಿನ ನಂತರ ತಡೆದಿದ್ದೀಯ, ಅದೂ ಸರಿ. ಕಷಾಯ ಕಹಿ ಎಂದು ಬರೆಯಲಿಲ್ಲ, ಬಹಳ ಒಳ್ಳೆಯದಾಯಿತು.

ಹುಡುಗಿ: ಆದರೆ ರಾಯಚೂರಿನವರಿಗೆ ಇದು ಏನು ಹೇಳುತ್ತದೆ? ಅಲ್ಲಿ ಆಟಿಯೂ ಇಲ್ಲ, ಈ ಕಷಾಯವೂ ಇಲ್ಲ.

ಮಾಷ್ಟ್ರು: ಹೊಕ್ಕೈಡೊದಲ್ಲಿ ಚೆರ್ರಿ ಅರಳುವುದು ಕ್ಯೋಟೊಗಿಂತ ಎಷ್ಟೋ ವಾರ ತಡವಾಗಿ. ಆದರೂ ಅವರು ಕ್ಯೋಟೊದ ವಸಂತವನ್ನು ಓದುತ್ತಾರೆ.

ಹುಡುಗಿ: ಅವರಿಗೆ ಶತಮಾನಗಳ ಕೋಶಗಳು ಕಲಿಸಿವೆ. ನನ್ನ ಕೈಯಲ್ಲಿ ಅಂಥದ್ದೇನಿದೆ?

ಮಾಷ್ಟ್ರು: ಆ ಮಾತು ಒಪ್ಪಬೇಕಾದ್ದೇ. ರಾಯಚೂರಿನವರಿಗೆ ಈ ಪದ್ಯ ಇಂದು ಪೂರ್ತಿ ದಕ್ಕಲಾರದು. ಅದಕ್ಕೇ ಹೇಳುತ್ತೇನೆ, ಪಗ್ಗುವಿನಿಂದ ಸುಗ್ಗಿಯವರೆಗೆ ತಿಂಗಳಿಗೊಂದರಂತೆ ಹನ್ನೆರಡು ಹಾಳೆ ಮಾಡು. ಯಾವ ತಿಂಗಳಲ್ಲಿ ಏನು ಅರಳುತ್ತದೆ, ಏನು ಕೂಗುತ್ತದೆ, ಬಿದಿರಿನ ಕಣಿಲೆ ಯಾವಾಗ ಅಡುಗೆಮನೆಗೆ ಬರುತ್ತದೆ, ಪತ್ರೊಡೆ ಯಾವಾಗ ಎಂದು ಹಿರಿಯರನ್ನು ಕೇಳಿ ಬರೆದುಕೋ. ರಾಯಚೂರಿನವರು ತಮ್ಮ ಬಿಸಿಲಿಗೆ, ಜೋಳಕ್ಕೆ ಅದನ್ನೇ ಮಾಡಲಿ. ಹಾಯ್ಕು ಬರೆಯಬೇಕೆನ್ನುವ ಪ್ರತಿಯೊಬ್ಬರೂ ತಮ್ಮ ತಾಲೂಕಿನ ಹನ್ನೆರಡು ಹಾಳೆಯನ್ನು ಈ ವರ್ಷವೇ ಶುರುಮಾಡಬೇಕು. ಚೆರ್ರಿ ಹೂವನ್ನು ಅಲ್ಲಿಯವರೆಗೆ ಬಿಟ್ಟುಬಿಡು.