ಅಗ್ಗದ ಮನೆಯ ಬೆಲೆ

ಚಿಕ್ಕ ಮಕ್ಕಳೊಂದಿಗೆ ಊರು ಬದಲಿಸುವಾಗ ನಾವು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಕೇಳಲೇಬೇಕು. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳು ಸಾಕೆನ್ನುತ್ತದೆ. ಆದರೆ ರಾಜ್ಯಗಳು ಒಪ್ಪಿ ಜಾರಿಗೆ ತಂದರಷ್ಟೇ ಅದಕ್ಕೆ ಬಲ. ಹೀಗಾಗಿ ಸುಮಾರು 70 ಕಿಲೋಮೀಟರ್ ದೂರದ ತುಮಕೂರು ನಮ್ಮನ್ನು ಕರೆಯುತ್ತದೆ.

ಆದರೆ ಕೆಲಸ ಬೆಂಗಳೂರಿನಲ್ಲೇ ಉಳಿದರೆ? ಮಗು ಏಳುವ ಮೊದಲೇ ರೈಲು ಹಿಡಿಯುವ ತಂದೆ ಅದು ಮಲಗಿದ ಮೇಲೆ ಮರಳುತ್ತಾನೆ. ಗುರುತಿಲ್ಲದ ಬೀದಿಯಲ್ಲಿ ತಾಯಿ ಒಬ್ಬಳೇ ಎಲ್ಲವನ್ನೂ ನಿಭಾಯಿಸುತ್ತಾಳೆ. ಉಳಿತಾಯ ನಮ್ಮದು, ತೆರುವವರು ಅವರು.

ಆದ್ದರಿಂದ ಲೆಕ್ಕದಲ್ಲಿ ಬಾಡಿಗೆಯ ಪಕ್ಕ ಇನ್ನೆರಡು ಸಾಲು ಬರೆಯೋಣ: ಮಕ್ಕಳೊಂದಿಗೆ ಉಳಿಯುವ ಗಂಟೆಗಳು, ನಡುರಾತ್ರಿ ಜ್ವರ ಬಂದರೆ ತಟ್ಟಬಹುದಾದ ನೆರೆಬಾಗಿಲು. ಬಡತನ ನಮ್ಮ ಆಯ್ಕೆಗಳನ್ನು ಕಿರಿದಾಗಿಸಬಹುದು. ಮನೆಯವರನ್ನು ಕೇಳಿ ನಿರ್ಧರಿಸುವ ಹೊಣೆಯಿಂದ ನಮ್ಮನ್ನು ಬಿಡಿಸುವುದಿಲ್ಲ.