ಸುಂಕದ ರಿಯಾಯತಿಯೂ ಗೃಹಸ್ಥನ ಮಿತವ್ಯಯವೂ

ಉಳಿತಾಯವೆಂಬುದು ಸರ್ವರೂ ಕೊಂಡಾಡುವ ಗುಣವಾಗಿದೆ. ಆದರೆ ಯಾವುದು ನಿಜವಾದ ಉಳಿತಾಯ, ಯಾವುದು ಉಳಿತಾಯದ ವೇಷವನ್ನು ಧರಿಸಿ ಮನೆಯೊಳಗೆ ಕಾಲಿಡುವ ವೆಚ್ಚ, ಎಂದು ವಿಚಾರಿಸಿ ನೋಡುವವರು ವಿರಳ. ಕೊಡತಕ್ಕ ಸ್ಥಳದಲ್ಲಿ ಕೊಡದಿರುವುದು ಕಾರ್ಪಣ್ಯ. ಕೊಡಬಾರದ ಸ್ಥಳದಲ್ಲಿ ಕೊಡುವುದು ದುರ್ವ್ಯಯ. ಕೊಡತಕ್ಕಷ್ಟನ್ನು ಕೊಡತಕ್ಕ ಕಾಲದಲ್ಲಿ ಕೊಡುವುದು ಮಿತವ್ಯಯ. ಕೃಪಣನೂ ಮಿತವ್ಯಯಿಯೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವರು. ಇಬ್ಬರ ಗಂಟೂ ಭದ್ರವಾಗಿಯೇ ಇರುತ್ತದೆ. ಸರ್ಕಾರವು ಸುಂಕವನ್ನು ಇಳಿಸಿ ಪೇಟೆಯು ಜನರನ್ನು ಕೈಬೀಸಿ ಕರೆಯುವ ಕಾಲದಲ್ಲಿ ಈ ಭೇದವು ಚೆನ್ನಾಗಿ ಪರೀಕ್ಷೆಗೆ ಒಳಗಾಗುತ್ತದೆ.

ಅಂಥ ಒಂದು ಕಾಲವು 2025ನೆಯ ಇಸವಿಯಲ್ಲಿ ಒದಗಿಬಂದಿತು. ದೇಶದಲ್ಲಿ 2017ರ ಜುಲೈ 1ರಿಂದ ನಡೆದುಬಂದಿದ್ದ ಸರಕು ಮತ್ತು ಸೇವಾ ತೆರಿಗೆಯ ದರಗಳನ್ನು ತೆರಿಗೆ ಮಂಡಳಿಯು ತನ್ನ 56ನೆಯ ಸಭೆಯಲ್ಲಿ, 2025ರ ಸೆಪ್ಟೆಂಬರ್ 3ರಂದು, ಬಹುಮಟ್ಟಿಗೆ ಇಳಿಸಲು ನಿಶ್ಚಯಿಸಿತು. ನೂರಕ್ಕೆ 5, 12, 18, 28 ಎಂದಿದ್ದ ಮೆಟ್ಟಿಲುಗಳಲ್ಲಿ 12 ಮತ್ತು 28 ಹೋಗಿ, ಸಾಮಾನ್ಯ ವಸ್ತುಗಳಿಗೆ 5 ಮತ್ತು 18 ಉಳಿದವು. ಭೋಗವಸ್ತುಗಳಿಗೂ ಹಾನಿಕರ ಪದಾರ್ಥಗಳಿಗೂ 40 ಎಂದಾಯಿತು. ತಲೆಯೆಣ್ಣೆ, ಸ್ನಾನದ ಸಾಬೂನು, ಹಲ್ಲುಜ್ಜುವ ಪೇಸ್ಟು ಇವು 18ರಿಂದ 5ಕ್ಕೆ ಇಳಿದವು. ತುಪ್ಪ, ಅಡಿಗೆಯ ಪಾತ್ರೆ, ಸೈಕಲ್ಲು, ಟ್ರ್ಯಾಕ್ಟರು ಇವು 12ರಿಂದ 5ಕ್ಕೆ. ಸಿಮೆಂಟು ಮತ್ತು ಚಿಕ್ಕ ಮೋಟಾರು ಸೈಕಲ್ಲು 28ರಿಂದ 18ಕ್ಕೆ. ಮಕ್ಕಳ ಪೆನ್ಸಿಲ್ಲು, ನೋಟುಪುಸ್ತಕಗಳಿಗೆ ತೆರಿಗೆಯೇ ಇಲ್ಲವಾಯಿತು. ಹೊಸ ದರಗಳು ಸೆಪ್ಟೆಂಬರ್ 22ರ ಸೋಮವಾರ, ನವರಾತ್ರಿಯ ಘಟಸ್ಥಾಪನೆಯ ದಿನ, ಜಾರಿಗೆ ಬಂದವು. ಪ್ರಧಾನಮಂತ್ರಿಗಳು ಹಿಂದಿನ ದಿನದ ಭಾಷಣದಲ್ಲಿ ಇದನ್ನು ಉಳಿತಾಯದ ಉತ್ಸವವೆಂದು ಕರೆದರು. ಉಳಿತಾಯಕ್ಕೂ ಉತ್ಸವಕ್ಕೂ ಹೊಂದಾಣಿಕೆ ಹೇಗೆಂಬುದೇ ಪ್ರಕೃತ ಪ್ರಶ್ನೆ.

ಸುಂಕವನ್ನು ಬಿಟ್ಟುಕೊಡುವ ಪದ್ಧತಿಯು ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ವಿವಾಹ, ಯಜ್ಞ, ಪ್ರಸವ, ಚೌಲ, ಉಪನಯನ ಮೊದಲಾದವುಗಳಿಗಾಗಿ ಒಯ್ಯುವ ಪದಾರ್ಥಗಳಿಗೆ ಶುಲ್ಕವಿಲ್ಲವೆಂದು ವಿಧಿಸಿದ್ದಾನೆ. ಆನೆಗೊಂದಿಯ ಎದುರು ದಡದ ವಿಜಯನಗರದಲ್ಲಿ ಸದಾಶಿವರಾಯನು ಸಿಂಹಾಸನದಲ್ಲಿದ್ದ 16ನೆಯ ಶತಮಾನದಲ್ಲಿ, ಬಾದಾಮಿಯ ಕೊಂಡೋಜನೆಂಬ ನಾಯಿಂದನು ಅಳಿಯ ರಾಮರಾಜನ ಮೆಚ್ಚುಗೆಯನ್ನು ಪಡೆದು, ತನ್ನ ಕಸುಬಿನವರಿಗೆಲ್ಲ ತೆರಿಗೆಯ ಮಾಫಿಯನ್ನು ದೊರಕಿಸಿಕೊಟ್ಟ ಸಂಗತಿಯು ಶಾಸನಗಳಲ್ಲಿ ದಾಖಲಾಗಿದೆ. ಈ ಎರಡು ದೃಷ್ಟಾಂತಗಳಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ. ಮೊದಲನೆಯದರಲ್ಲಿ ಅಗತ್ಯವು ಮೊದಲೇ ಇತ್ತು, ರಿಯಾಯತಿಯು ಅದನ್ನು ಹಿಂಬಾಲಿಸಿತು. ಸುಂಕವಿಲ್ಲವೆಂಬ ಕಾರಣದಿಂದ ಯಾರೂ ಮದುವೆಯಾಗಲಿಲ್ಲ. ಎರಡನೆಯದರಲ್ಲಿ ಬೆವರು ಸುರಿಸಿ ದುಡಿಯುವವನ ಭಾರವು ಹಗುರವಾಯಿತು.

ಕುಷ್ಟಗಿಯ ಸೀಮೆಗೆ ಸುಂಕದ ಕಷ್ಟವು ಸಮೀಪದ ನೆನಪೇ ಆಗಿದೆ. ಈ ತಾಲೂಕು ಹೈದರಾಬಾದು ಸಂಸ್ಥಾನದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದಾಗ, ನೆರೆಯ ಇಳಕಲ್ಲು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ನಡುವಿನ ಗಡಿಯಲ್ಲಿ ಸಂಸ್ಥಾನದ ಕರೋಡಗಿರಿ ಇಲಾಖೆಯ ಕಾವಲು. 1802ರ ವಾಣಿಜ್ಯದ ಒಪ್ಪಂದದಂತೆ ನೂರಕ್ಕೆ 5ರ ಗಡಿಸುಂಕವು ಅಲ್ಲಿ ಬಹುಕಾಲ ನಡೆದಿತ್ತು. ಬಳಗವೆಲ್ಲ ಆಚೆಯಲ್ಲಿದ್ದು ಹೊಲಮನೆ ಈಚೆಯಲ್ಲಿದ್ದವರಿಗೆ ಒಂದು ಸೀರೆಯೂ ಪರದೇಶದ ಸರಕಾಗಿತ್ತು. ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಸೇರಿದ ಮೇಲೆ ಆ ಸುಂಕವು ಕ್ರಮೇಣ ರದ್ದಾಯಿತು. ಇಂದು ಇಳಕಲ್ಲಿನಲ್ಲಿಯೂ ಕುಷ್ಟಗಿಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಒಂದೇ ವಸ್ತುವಿಗೆ ಒಂದೇ ತೆರಿಗೆ. ಇದನ್ನು ನೆನಪಿನಲ್ಲಿಟ್ಟರೆ ಮುಂದಿನ ಲೆಕ್ಕವು ಸುಲಭವಾಗುತ್ತದೆ.

ಮೊದಲು ರೊಕ್ಕದ ಲೆಕ್ಕವನ್ನು ನೋಡಬೇಕು. ತೆರಿಗೆಯು 18ರಿಂದ 5ಕ್ಕೆ ಇಳಿದರೆ ನೂರಕ್ಕೆ 13 ಉಳಿಯಿತೆಂದು ಹಲವರು ಎಣಿಸುವರು. ಅದು ಸರಿಯಲ್ಲ. 100 ರೂಪಾಯಿಯ ಮೂಲಬೆಲೆಯ ವಸ್ತುವಿಗೆ ಮೊದಲು 118 ಕೊಡಬೇಕಾಗಿತ್ತು, ಆಮೇಲೆ 105. ಕೊಡುತ್ತಿದ್ದ 118ರಲ್ಲಿ 13 ಉಳಿದರೆ ನೂರಕ್ಕೆ 11ರಷ್ಟಾಯಿತು. 12ರಿಂದ 5ಕ್ಕೆ ಇಳಿದಲ್ಲಿ ನೂರಕ್ಕೆ ಆರೂಕಾಲು. 28ರಿಂದ 18ಕ್ಕೆ ಇಳಿದಲ್ಲಿ ನೂರಕ್ಕೆ ಎಂಟಕ್ಕೂ ತುಸು ಕಡಿಮೆ. ಇದು ಅಲ್ಪವೆಂದು ಅಲ್ಲಗಳೆಯತಕ್ಕದ್ದಲ್ಲ. ಆದರೆ ಕುಣಿದಾಡತಕ್ಕದ್ದೂ ಅಲ್ಲ. ಅದರಲ್ಲಿಯೂ ಬಡವರ ಮನೆಯ ಖರ್ಚಿನಲ್ಲಿ ದೊಡ್ಡ ಭಾಗವು ಜೋಳ, ಬೇಳೆ, ಕಾಯಿಪಲ್ಲೆಗಳದು. ವಾರದ ಸಂತೆಯಲ್ಲಿ ಬಿಡಿಯಾಗಿ ಅಳೆದು ತೂಗಿ ಕೊಡುವ ಇವುಗಳಿಗೆ ಮೊದಲೂ ಈ ತೆರಿಗೆ ಇರಲಿಲ್ಲ. ಆದ್ದರಿಂದ ರಿಯಾಯತಿಯ ರೂಪಾಯಿಗಳು ಹೆಚ್ಚು ಕೊಳ್ಳುವವನಿಗೆ ಹೆಚ್ಚಾಗಿಯೂ ರೊಟ್ಟಿ ಪಲ್ಯಗಳಲ್ಲಿ ಜೀವಿಸುವವನಿಗೆ ಕಡಿಮೆಯಾಗಿಯೂ ದಕ್ಕುತ್ತವೆ.

ಇನ್ನು ಕಾಲದ ಲೆಕ್ಕ. ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ 1999ರಿಂದ ಶಾಲೆಗಳು ತೆರೆಯುವ ಮುನ್ನ ಆಗಸ್ಟಿನಲ್ಲಿ ಕೆಲವು ದಿನಗಳ ಮಟ್ಟಿಗೆ 100 ಡಾಲರಿಗೆ ಕಡಿಮೆ ಬೆಲೆಯ ಬಟ್ಟೆ, ಪಾದರಕ್ಷೆಗಳ ಮೇಲಿನ ಮಾರಾಟತೆರಿಗೆಯನ್ನು ಬಿಡುವ ರೂಢಿಯುಂಟು. ಆ ದಿನಗಳು ಕಳೆದರೆ ತೆರಿಗೆ ಮರಳುವುದರಿಂದ ಅಲ್ಲಿಯ ಜನರ ಅವಸರಕ್ಕೆ ಕಾರಣವಿದೆ. ಭಾರತದಲ್ಲಿ 2025ರಲ್ಲಿ ಆದದ್ದು ದಿನಗಳ ಗಡುವಿಲ್ಲದ ದರದ ಇಳಿತ. ನವರಾತ್ರಿಯ ಮೊದಲ ದಿನ ಕೊಂಡರೂ ದೀಪಾವಳಿ ಕಳೆದು ಕೊಂಡರೂ ತೆರಿಗೆ ಅಷ್ಟೇ. ಹೀಗಿದ್ದೂ ಪೇಟೆಯ ನೂಕುನುಗ್ಗಲಿನಲ್ಲಿ ಜನರು ಅರ್ಧ ದಿನ ನಿಂತರೆ, ಗಡುವಿಲ್ಲದ ಕಾರ್ಯಕ್ಕೆ ತಾವೇ ಗಡುವನ್ನು ಕಲ್ಪಿಸಿಕೊಂಡಂತಾಯಿತು. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೆಯ ಸಾಲಿಗೆ ಕರ್ನಾಟಕದಲ್ಲಿ ಗೊತ್ತುಪಡಿಸಿದ್ದ ದಿನಗೂಲಿ 370 ರೂಪಾಯಿ. ನೂರಕ್ಕೆ 11ರಂತೆ 370 ರೂಪಾಯಿ ಉಳಿಯಬೇಕಾದರೆ ಹಳೆಯ ಬೆಲೆಯಲ್ಲಿ 3,350 ರೂಪಾಯಿಗೂ ಹೆಚ್ಚಿನ ಸಾಬೂನು, ಎಣ್ಣೆಗಳನ್ನು ಕೊಳ್ಳಬೇಕು. ಒಂದು ದಿನದ ದುಡಿಮೆಯನ್ನು ಬಿಟ್ಟು, ಬಸ್ಸಿನ ಬಾಡಿಗೆಯನ್ನು ತೆತ್ತು, ದೂರದ ಪೇಟೆಗೆ ಹೋದವನು ತನ್ನ ಊರಿನ ಕಿರಾಣಿ ಅಂಗಡಿಯಲ್ಲಿಯೂ ಇಳಿದಿದ್ದ ಅದೇ ತೆರಿಗೆಯ ಲಾಭಕ್ಕಾಗಿ ದಿನವನ್ನು ಮಾರಿದಂತಾಗುತ್ತದೆ. ಬೇಕಾದ ಪದಾರ್ಥಗಳ ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಂಡು, ಸಂತೆಗೆ ಹೇಗೂ ಹೋಗುವ ದಿನವೇ ಕೊಂಡುತರುವ ಗೃಹಿಣಿಯು ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಿಗೂ ಗುರುವೆನ್ನಬಹುದು.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: "ಕೊಂಡರಲ್ಲವೇ ವ್ಯಾಪಾರ? ವ್ಯಾಪಾರವಿದ್ದರಲ್ಲವೇ ಕಾರ್ಖಾನೆ, ಕೂಲಿ? ಎಲ್ಲರೂ ಕೈಮುಚ್ಚಿ ಕುಳಿತರೆ ಸುಂಕವನ್ನು ಇಳಿಸಿದ ಉದ್ದೇಶವೇ ವ್ಯರ್ಥ. ಆದ್ದರಿಂದ ಕೊಳ್ಳುವುದೇ ದೇಶಸೇವೆ." ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಬಹುದಿನದಿಂದ ಸೈಕಲ್ಲಿಗಾಗಿ ಕಾದಿದ್ದ ಶಾಲೆಯ ಹುಡುಗಿಗೆ ಈ ಇಳಿತದಿಂದ ಸೈಕಲ್ಲು ದೊರೆತರೆ ಅದು ಅವಳಿಗೂ ಊರಿಗೂ ಹಿತವೇ ಸರಿ. ಅರ್ಧಕ್ಕೆ ನಿಂತ ಮನೆಯ ಗೋಡೆಯು ಅಗ್ಗವಾದ ಸಿಮೆಂಟಿನಿಂದ ಮೇಲೆದ್ದರೆ ಗೌಂಡಿಗೆ ಕೂಲಿ ಸಿಕ್ಕುತ್ತದೆ. ಆದರೆ ಸಾಲವನ್ನು ತೆಗೆದು ಕೊಂಡ ಬೇಡದ ವಸ್ತುವಿನ ಗತಿ ಬೇರೆ. 1,28,000 ರೂಪಾಯಿಯ ಮೋಟಾರು ಸೈಕಲ್ಲು 1,18,000ಕ್ಕೆ ಇಳಿಯಿತೆನ್ನೋಣ. ಬೇಕಾದವನಿಗೆ 10,000 ಉಳಿಯಿತು. ಬೇಡದವನು ಆ ಹತ್ತು ಸಾವಿರದ ಆಸೆಗೆ 1,18,000ನ್ನು ನೂರಕ್ಕೆ ವರ್ಷಕ್ಕೆ 12ರ ಬಡ್ಡಿಗೆ ತಂದರೆ, ಅಸಲು ಒಂದು ವರ್ಷ ತೀರದಿದ್ದಲ್ಲಿ ಬಡ್ಡಿಯೇ 14,160. ಸರ್ಕಾರವು ಬಿಟ್ಟುಕೊಟ್ಟದ್ದು ಸಾಹುಕಾರನ ಪೆಟ್ಟಿಗೆಯನ್ನು ಸೇರಿ, ಮೇಲೆ ಮನೆಯದೂ ಹೋಯಿತು. ಮನೆಗಳು ಮುರಿದರೆ ದೇಶವು ಬೆಳೆಯುವುದೆಂಬ ವಾದವನ್ನು ಯಾವ ಶಾಸ್ತ್ರವೂ ಒಪ್ಪಲಾರದು.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದದ್ದು. "ತೆರಿಗೆಯನ್ನು ಉಳಿಸುವುದೇ ಜಾಣತನವಾದರೆ, ಪಾವತಿಯಿಲ್ಲದೆ ಕೊಂಡು ಪೂರ್ತಿ ತೆರಿಗೆಯನ್ನೇ ಉಳಿಸಬಾರದೇಕೆ?" ಎಂದು ಕೆಲವರು ಕೇಳುವರು, ಕೇಳದಿದ್ದರೂ ಹಾಗೆಯೇ ನಡೆಯುವವರು ಬಹಳ. ಗ್ರಾಹಕನು "ಚೀಟಿ ಬೇಡ, ಬೆಲೆ ಇಳಿಸಿರಿ" ಎನ್ನುವನು. ವರ್ತಕನು ನಗುತ್ತ ತಲೆಯಾಡಿಸುವನು. ಇಬ್ಬರಿಗೂ ಲಾಭವಾದಂತೆ ತೋರುವ ಈ ವ್ಯವಹಾರದಲ್ಲಿ ಮೂರನೆಯವನ ಗಂಟು ಹೋಗಿರುತ್ತದೆ, ಆತನು ಅಲ್ಲಿರುವುದಿಲ್ಲ. ಆತನೇ ಸಮಾಜ. ಸರ್ಕಾರವು ತಾನಾಗಿ ಬಿಟ್ಟುಕೊಟ್ಟದ್ದನ್ನು ಅನುಭವಿಸುವುದು ನ್ಯಾಯ. ಬಿಡದಿದ್ದುದನ್ನು ಕದಿಯುವುದು ಸ್ತೇಯ. ಎರಡರಲ್ಲಿಯೂ ಉಳಿಯುವ ರೂಪಾಯಿ ಒಂದೇ ಆದರೂ ಧರ್ಮದಲ್ಲಿ ಅವುಗಳ ಅಂತರವು ದಾನವಾಗಿ ಬಂದ ಆಕಳಿಗೂ ಕದ್ದು ತಂದ ಆಕಳಿಗೂ ಇರುವ ಅಂತರದಂತೆಯೇ. ಕಾಳಿದಾಸನು ರಘುವಂಶದಲ್ಲಿ ರಾಜನ ಕರಗ್ರಹಣವನ್ನು ಸೂರ್ಯನ ಜಲಗ್ರಹಣಕ್ಕೆ ಹೋಲಿಸಿದ್ದು ಪಾಠಶಾಲೆಯ ಬಾಲಕರಿಗೂ ತಿಳಿದ ಸಂಗತಿ. ಮಳೆಯನ್ನು ಬಯಸುವವನು ಆವಿಯನ್ನು ತಡೆಯಲಾಗದು. ಹಿಂದುಳಿದ ಪ್ರದೇಶವೆಂದು ಸಂವಿಧಾನದ 371ಜೆ ವಿಧಿಯಲ್ಲಿ ವಿಶೇಷ ಸ್ಥಾನವನ್ನು ಪಡೆದ ಈ ಸೀಮೆಯ ಶಾಲೆ, ಆಸ್ಪತ್ರೆ, ರಸ್ತೆಗಳು ಬೊಕ್ಕಸವನ್ನೇ ನಂಬಿ ನಿಂತಿವೆ. 2025ರ ದರದ ಇಳಿತದಿಂದ ಸರ್ಕಾರಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಹುಟ್ಟುವಳಿ ಕಡಿಮೆಯಾದೀತೆಂದು ಕೇಂದ್ರ ಸರ್ಕಾರವೇ ಅಂದಾಜು ಮಾಡಿತ್ತು. ಇಳಿಸಿದ ಮೇಲೆಯೂ ಉಳಿದ ಆ ಐದನ್ನೂ ಕದಿಯುವವನು, ತನ್ನ ಮಗುವು ಕಲಿಯುವ ಶಾಲೆಯ ಹಂಚನ್ನು ತಾನೇ ಕಿತ್ತಂತೆ.

ವರ್ತಕರ ಧರ್ಮವನ್ನೂ ಇಲ್ಲಿ ವಿಚಾರಿಸಬೇಕಾಗಿದೆ. ತೆರಿಗೆಯ ಇಳಿತದ ಲಾಭವನ್ನು ಬೆಲೆಯಲ್ಲಿ ಇಳಿಸಿ ಗ್ರಾಹಕನಿಗೆ ಮುಟ್ಟಿಸಬೇಕೆಂದು 2017ರ ಕಾಯಿದೆಯ 171ನೆಯ ಕಲಮು ಹೇಳುತ್ತದೆ. ಆದರೆ ಆ ಕಲಮಿನಡಿಯಲ್ಲಿ ಹೊಸ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆಯು 2025ರ ಏಪ್ರಿಲ್ 1ರಿಂದ ನಿಂತಿತು. ದರಗಳು ಇಳಿದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಗ್ರಾಹಕನು 1915ನೆಯ ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರುವ ಮಾರ್ಗವು ಉಳಿದಿತ್ತೆಂಬುದು ನಿಜ. ಆದರೂ ಬಹುಮಟ್ಟಿಗೆ ಆ ಹನ್ನೊಂದು ರೂಪಾಯಿಗಳು ಗ್ರಾಹಕನ ಕೈಗೆ ತಲಪುವುದೂ ತಲಪದಿರುವುದೂ ವರ್ತಕನ ಅಂತಃಕರಣಕ್ಕೆ ಬಿಟ್ಟ ವಿಷಯವಾಯಿತು. ಹಳೆಯ ಬೆಲೆಯನ್ನು ಮುದ್ರಿಸಿದ ಪೊಟ್ಟಣವನ್ನು ಹಳೆಯ ಬೆಲೆಗೇ ಮಾರಿದರೆ ಕೇಳುವವರಾರು? ಕೌಟಿಲ್ಯನು ವರ್ತಕನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ 5, ಪರದೇಶದ ಸರಕಿನಲ್ಲಿ ನೂರಕ್ಕೆ 10 ಲಾಭವೆಂದು ಗೊತ್ತುಮಾಡಿದ್ದನು. ಹೆಚ್ಚು ತೆಗೆದವನಿಗೆ ದಂಡವಿತ್ತು. ಶರಣರಾದರೋ ದಂಡದ ಮಾತನ್ನಾಡದೆ ಕಾಯಕದ ಶುದ್ಧಿಯನ್ನೇ ಬೋಧಿಸಿದರು. ದಂಡವು ದುರ್ಬಲವಾದ ಕಾಲದಲ್ಲಿ ಆ ಎರಡನೆಯ ಮಾರ್ಗವೇ ಗತಿ. ಅಪರಿಚಿತ ಗ್ರಾಹಕನಿಗೂ, ಲೆಕ್ಕ ಬಾರದ ಮುದುಕಿಗೂ, ಉದ್ರಿಯ ಹಂಗಿನಲ್ಲಿ ಬೆಲೆ ಕೇಳಲಂಜುವ ಒಕ್ಕಲಿಗನಿಗೂ ಇಳಿದ ಬೆಲೆಯನ್ನೇ ಹೇಳಿದ ಕಿರಾಣಿಯವನು ಆ ದಿನ ತಕ್ಕಡಿಯ ಮುಂದೆ ಕುಳಿತೇ ಪೂಜೆಯನ್ನು ಪೂರೈಸಿದವನು.

ಇಷ್ಟರಿಂದ ಫಲಿತವಾದ ಸಿದ್ಧಾಂತವನ್ನು ಸಂಗ್ರಹಿಸಬಹುದು. ಕೊಳ್ಳುವ ಮುನ್ನ ಗೃಹಸ್ಥನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಸುಂಕವು ಇಳಿಯದಿದ್ದರೂ ಈ ವಸ್ತು ಬೇಕಾಗಿತ್ತೇ? ಸಾಲವಿಲ್ಲದೆ ಇದನ್ನು ತರಲಾದೀತೇ? ಇದಕ್ಕಾಗಿ ಕಳೆಯುವ ದಿನವು ಉಳಿಯುವ ರೊಕ್ಕಕ್ಕಿಂತ ಕಡಿಮೆ ಬೆಲೆಯದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಕೊಳ್ಳಲಿ, ಪಾವತಿಯನ್ನು ಕೇಳಿ ಪಡೆಯಲಿ, ಅದರಲ್ಲಿ ಬರೆದ ತೆರಿಗೆಯು ಹೊಸ ದರದ್ದೇ ಎಂದು ನೋಡಿಕೊಳ್ಳಲಿ. ಒಂದಕ್ಕೆ ಅಲ್ಲವೆಂದರೂ ಆ ವಸ್ತುವು ಅಂಗಡಿಯಲ್ಲಿಯೇ ಇರಲಿ.

ಕಡೆಗೆ ಒಂದು ಮಾತು ಉಳಿಯುತ್ತದೆ. ತಿಂಗಳ ಖರ್ಚಿನಲ್ಲಿ ಉಳಿದ ನೂರಿನ್ನೂರು ರೂಪಾಯಿಗಳು ಎಲ್ಲಿಗೆ ಹೋದವೆಂದು ಬಹುತೇಕ ಮನೆಗಳಲ್ಲಿ ಯಾರಿಗೂ ತಿಳಿಯುವುದಿಲ್ಲ. ಬೇರೆ ಚಿಲ್ಲರೆಯೊಡನೆ ಬೆರೆತು ಕರಗುತ್ತವೆ. ಅವನ್ನು ಬೇರೆಯಾಗಿ ತೆಗೆದಿಟ್ಟಾಗ ಮಾತ್ರವೇ ಅದು ಉಳಿತಾಯ. ಸರ್ಕಾರವು ಬಿಟ್ಟುಕೊಟ್ಟ ಆ ಹಣವು ಒಂದರ್ಥದಲ್ಲಿ ಎಲ್ಲರಿಗೂ ಸೇರಿದ ಬೊಕ್ಕಸದಿಂದ ಮನೆಗೆ ಬಂದದ್ದು. ಅದರಲ್ಲಿ ಒಂದು ಪಾಲನ್ನು ಮನೆಯ ಕಷ್ಟಕಾಲಕ್ಕಿಟ್ಟು, ಇನ್ನೊಂದು ಪಾಲಿನಿಂದ ಓಣಿಯ ಬಡ ಹುಡುಗನಿಗೆ ತೆರಿಗೆಯಿಲ್ಲದ ಆ ನೋಟುಪುಸ್ತಕವನ್ನು ಕೊಡಿಸಿದರೆ, ಬಂದದ್ದು ಬಂದಲ್ಲಿಗೇ ತಿರುಗಿ ಮುಟ್ಟುತ್ತದೆ. ದಾಸೋಹವೆಂಬ ಮಾತು ಹುಟ್ಟಿದ ನಾಡಿನ ಗೃಹಸ್ಥರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ.