ತಿದ್ದುವವನ ಹತ್ಯಾರು

ತಪ್ಪನ್ನು ಕಾಣುವುದು ಸುಲಭ, ತಿದ್ದುವುದು ಕಷ್ಟ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನಾವು ಕಂಡದ್ದು ತಪ್ಪೇ ಹೌದೇ ಎಂದು ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆ ನನಗೆ ಎದುರಾದದ್ದು ಧರ್ಮಗ್ರಂಥದಲ್ಲಿ ಅಲ್ಲ. ಒಂದು ಹಳೆಯ ಬಂದೂಕಿನ ವಿಚಾರವನ್ನು ಓದುವಾಗ.

ರಷ್ಯದ ಸೈನ್ಯ 1891ರಲ್ಲಿ ಸ್ವೀಕರಿಸಿದ ಮೋಸಿನ್ ರೈಫಲನ್ನು 1930ರಲ್ಲಿ ಸುಧಾರಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಯುದ್ಧ ಮುಗಿದ ಮೇಲೆ ಅವು ಗ್ರೀಸು ಮೆತ್ತಿಕೊಂಡು ಉಗ್ರಾಣಗಳಲ್ಲಿ ಮಲಗಿದವು. 1991ರಲ್ಲಿ ಸೋವಿಯೆತ್ ಒಕ್ಕೂಟ ಒಡೆದ ತರುವಾಯ ಎಷ್ಟೋ ರೈಫಲುಗಳು ಹೆಚ್ಚುವರಿ ಮಾಲಾಗಿ ಅಮೆರಿಕದ ಅಂಗಡಿಗಳಿಗೆ ಅಗ್ಗವಾಗಿ ಬಂದವು. ಕೊಂಡ ಹವ್ಯಾಸಿ ಗ್ರೀಸು ಒರೆಸಿ, ನೂರು ಮೀಟರು ದೂರದ ಕಾಗದದ ಗುರಿಗೆ ಹೊಡೆಯುತ್ತಾನೆ. ಗುಂಡು ಪಕ್ಕಕ್ಕೆ ಬೀಳುತ್ತದೆ. "ಮುದಿ ಬಂದೂಕು, ಕೆಟ್ಟಿದೆ" ಎಂದು ಸುತ್ತಿಗೆಗೆ ಕೈ ಹಾಕುತ್ತಾನೆ.

ಆದರೆ ಬಂದೂಕು ಕೆಟ್ಟಿರಬೇಕೆಂದೇನೂ ಇಲ್ಲ. ಸೋವಿಯೆತ್ ಸೈನ್ಯ ಅದರ ಗುರಿಯನ್ನು ಹೊಂದಿಸುತ್ತಿದ್ದುದು ತುದಿಗೆ ಬಯೊನೆಟ್ಟು ಸಿಕ್ಕಿಸಿಕೊಂಡೇ. ಸುಮಾರು ಅರ್ಧ ಮೀಟರು ಉದ್ದದ ಆ ಉಕ್ಕಿನ ಭಾರ ನಳಿಗೆಯ ಕಂಪನವನ್ನು ಬದಲಿಸುತ್ತದೆ. ಅದನ್ನು ಕಳಚಿದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಯಾವುದರೊಡನೆ ಅದು ಸರಿಯಾಗಿತ್ತೋ ಅದೇ ಈಗ ಇಲ್ಲ.

ನಮ್ಮ ಮನೆಗಳಲ್ಲಿಯೂ ಇಂಥವರಿಲ್ಲವೆ? ಅಕ್ಕಿಗೆ ಸಾಲು ನಿಂತ ದಿನಗಳಲ್ಲಿ ಸಂಸಾರ ತೂಗಿಸಿದ ತಂದೆ, ಮಗ ಕೈತುಂಬ ಸಂಪಾದಿಸುವಾಗಲೂ ಪ್ರತಿ ಕಾಸನ್ನು ಎಣಿಸುತ್ತಾರೆ. "ಅಪ್ಪ ಜಿಪುಣ" ಎನ್ನುತ್ತಾನೆ ಮಗ. ಆ ಎಣಿಕೆಯಿಂದಲೇ ತಾನು ಹೊಟ್ಟೆತುಂಬ ಉಂಡು ಬೆಳೆದುದು ಅವನಿಗೆ ನೆನಪಾಗುವುದಿಲ್ಲ.

ಹಾಗಾದರೆ ತಿದ್ದಲೇಬಾರದೆ? ಹಾಗೆಂದರೆ ಅದು ಸೋಮಾರಿಯ ಔದಾರ್ಯ. ಗುಂಡು ಪಕ್ಕಕ್ಕೆ ಬೀಳುತ್ತಿರುವುದು ನಿಜ. ಬಯೊನೆಟ್ಟನ್ನು ಮರಳಿ ಸಿಕ್ಕಿಸಿದರೆ ಬಂದೂಕು ಮೊದಲಿನಂತೆ ಹೊಡೆದೀತು. ಆದರೆ ಹಳೆಯ ಸರಿಯನ್ನು ಉಳಿಸಿಕೊಳ್ಳಲು ಯುದ್ಧದ ಭಾರವನ್ನು ಎಂದೆಂದೂ ಹೊರಬೇಕಾಗುತ್ತದೆ. ಹಿರಿಯರು "ನಮ್ಮ ಕಾಲವೇ ಮರಳಿ ಬರಲಿ" ಎಂದು ಹಟ ಹಿಡಿಯುವುದೂ ಇಂಥದೇ. ತಿದ್ದಬೇಕು. ಹೇಗೆ ಎಂಬುದೇ ಪ್ರಶ್ನೆ.

ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಮೊಳೆ ಇದೆ. ಅದರ ಬುಡ ಅಡ್ಡಲಾಗಿ ಕೊರೆದ ತೋಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಅದನ್ನು ಒಂದೇ ಒಂದು ಮಿಲಿಮೀಟರು ಸರಿಸಿದರೆ, ನೂರು ಮೀಟರಿನಾಚೆ ಗುಂಡು ಸುಮಾರು ಹದಿನಾರು ಸೆಂಟಿಮೀಟರು ಸರಿಯುತ್ತದೆ. ಸುತ್ತಿಗೆಯ ಏಟಿಗೆ ಈ ಲೆಕ್ಕ ತಿಳಿಯದು. ಅದು ಕದಲದಿರಬಹುದು, ಇಲ್ಲವೆ ಅಗತ್ಯಕ್ಕೆ ಮೀರಿ ಜಾರಬಹುದು. ಉಕ್ಕಿನ ಮೇಲೆ ಬಿದ್ದ ಗಾಯವಂತೂ ಮಾಯುವುದಿಲ್ಲ. ಅದಕ್ಕಾಗಿಯೇ ಬಲ್ಲವರು ತಿರುಪಿನಿಂದ ಒತ್ತುವ ಸಣ್ಣ ಹತ್ಯಾರನ್ನು ಹುಡುಕುತ್ತಾರೆ. ಅದು ಸಿಗದಿದ್ದರೆ ಉಕ್ಕಿಗಿಂತ ಮೆದುವಾದ ಹಿತ್ತಾಳೆಯ ಗೂಟವನ್ನು ನಡುವೆ ಇಟ್ಟು ಮೆಲ್ಲಗೆ ತಟ್ಟುತ್ತಾರೆ. ತಿದ್ದುವ ಮೊದಲು ಹಲವು ಗುಂಡು ಹಾರಿಸಿ ನೋಡುತ್ತಾರೆ. ಒಂದೇ ಗುಂಡು ಬಂದೂಕಿನ ಮೇಲೆ ಸಾಕ್ಷಿಯಲ್ಲ, ನಡುಗಿದ್ದು ತಮ್ಮ ಕೈಯೇ ಇರಬಹುದು.

ಇನ್ನೊಂದು ಸೋಜಿಗ. ಗುಂಡು ಬಲಕ್ಕೆ ಬಿದ್ದರೆ ಮೊಳೆಯನ್ನು ಎಡಕ್ಕಲ್ಲ, ಬಲಕ್ಕೇ ಸರಿಸಬೇಕು. ತಪ್ಪು ಹೋದ ಕಡೆಗೇ ತಿದ್ದುವವನೂ ಹೋಗಬೇಕು. ಎದುರು ನಿಂತು ತಳ್ಳಿದರೆ ತಪ್ಪು ಇಮ್ಮಡಿಯಾಗುತ್ತದೆ. ಅಪ್ಪನ ಪಕ್ಕದಲ್ಲಿ ಕುಳಿತು ಆ ಹಳೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡುವ ಮಗನಿಗೆ ಇದು ಅರ್ಥವಾದೀತು.

ಎಷ್ಟೋ ರೈಫಲುಗಳಲ್ಲಿ ಮೊಳೆಯ ಬುಡಕ್ಕೂ ಅದರ ಪೀಠಕ್ಕೂ ಸೇರಿಸಿ ಎಳೆದ ಒಂದು ಸಣ್ಣ ಗೀರು ಇರುತ್ತದೆ: "ಇಲ್ಲಿ ಸರಿಯಾಗಿತ್ತು" ಎಂದು ಹಿಂದಿನ ಕುಶಲಕರ್ಮಿ ಬಿಟ್ಟುಹೋದ ಗುರುತು. ಮೊಳೆ ಸರಿದಾಗ ಗೀರು ಎರಡಾಗಿ ಒಡೆಯುತ್ತದೆ. ವಿವೇಕಿಯಾದವನು ಅದನ್ನು ಅರದಿಂದ ಉಜ್ಜಿ ಅಳಿಸುವುದಿಲ್ಲ. ತಾನು ಎಷ್ಟು ದೂರ ಬಂದೆ ಎಂಬುದನ್ನು ಅವನಿಗೆ ತೋರಿಸಬಲ್ಲದ್ದು ಅದೊಂದೇ.